ಮಳೆಗಾಲದ ಮಟ್ಟಿಗೆ ನನ್ನ ವಶದಲ್ಲಿದ್ದ ಪೆಡಲಿನ ವಿಷಯ

ಮಾನ್ಯ ಓದುಗರಲ್ಲಿ ಸವಿನಯ ವಿನಂತಿ.

ಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ಓರೆಯಾಗಿದೆ. ಸಾಲುಗಳು ಬಲಕ್ಕೆ ಸಾಗಿದಂತೆಲ್ಲ ಕೆಳಗಿಳಿಯುತ್ತವೆ. ಅಲ್ಪಪ್ರಾಣ, ಮಹಾಪ್ರಾಣಗಳ ಬಗ್ಗೆ ಶಾಲೆಯಲ್ಲಿಯೇ ನನ್ನ ಮೇಲೆ ದೂರುಗಳಿದ್ದು, ಅವು ಇಂದಿಗೂ ಇತ್ಯರ್ಥವಾಗಿಲ್ಲ. ಈವರೆಗೆ ನಾನು ಬರೆದಿರುವುದು ಕಚೇರಿ ಪತ್ರಗಳನ್ನು ಮಾತ್ರ. ಸುಂಟಿಕೊಪ್ಪದ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ನಮ್ಮಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು, ಸ್ಟೋರಿನ ಬೀಗ ಇಟ್ಟುಕೊಳ್ಳುವವನು, ಕರೆಂಟು ಹೋದಾಗ ಮೇಲಿನವರಿಗೆ ಪತ್ರ ಹಾಕುವವನು, ಸಾಹಿತಿಯಲ್ಲ. ಆದ್ದರಿಂದ ಈ ಬರಹವು ಅರ್ಜಿಯಂತೆ ಕಂಡಲ್ಲಿ ದಯವಿಟ್ಟು ಮನ್ನಿಸಬೇಕು. ಬೇರೆ ರೀತಿ ನನಗೆ ಬಾರದು.

ಈ ಮೂಲಕ ತಿಳಿಸಬಯಸುವುದೇನೆಂದರೆ, ನಾನು ಹಳೆಯ ಗಿಟಾರ್ ಪೆಡಲುಗಳನ್ನು ಕೂಡಿಡುತ್ತೇನೆ. ಪೆಡಲ್ ಎಂದರೆ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲಿಡುವ ಲೋಹದ ಡಬ್ಬಿ. ಕಾಲಿನಿಂದ ಅದರ ಗುಂಡಿಯನ್ನು ಒತ್ತಿದರೆ ತಂತಿಯ ಶುದ್ಧವಾದ ನಾದವು ಒಡೆದು, ಉಬ್ಬಿ, ಉರಿದು ಹೊರಗೆ ಬರುತ್ತದೆ. ಇದಕ್ಕೆ ಡಿಸ್ಟಾರ್ಷನ್ ಎನ್ನುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಹಳೆಯ ಬಗೆಗೆ ಫಜ್ ಎಂದು ಹೆಸರು. ನನ್ನ ಹೆಂಡತಿ ಇಟ್ಟಿರುವ ಹೆಸರು ಬೇರೆ. ನಾನು ಬಾರಿಸಲು ಕುಳಿತರೆ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಶುರುವಾಯ್ತಾ ಕಳೆ ಕೊಯ್ಯೋ ಮಿಷನ್ನು? ಪೆಟ್ರೋಲ್ ಇದೆಯೇನ್ರೀ ಅದ್ರಲ್ಲಿ?"

ಯೌವನದಲ್ಲಿ ನಾನು ಕುಶಾಲನಗರದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದೆ. ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆತನ ನಮ್ಮದು. ಗಿಟಾರ್ ಹಿಡಿದವನು ನಾನೊಬ್ಬನೇ. ಕೀಬೋರ್ಡು ಬಂದ ಮೇಲೆ ಮದುವೆಮನೆಗಳಲ್ಲಿ ನಮ್ಮನ್ನು ಕೇಳುವವರಿಲ್ಲವಾಯಿತು. ಮುಚ್ಚಿಹೋದ ತಂಡಗಳ ಪೆಡಲುಗಳು ಅಟ್ಟಗಳಲ್ಲಿ, ಗೋಣಿಚೀಲಗಳಲ್ಲಿ ಬಿದ್ದಿದ್ದವು. "ತಗೊಂಡೋಗಿ ರೈಟ್ರೆ, ಜಾಗ ಖಾಲಿಯಾಗ್ಲಿ" ಎಂದು ಕೊಟ್ಟವರೇ ಹೆಚ್ಚು. ಹೀಗೆ ನನ್ನ ಸಂಗ್ರಹ ಬೆಳೆಯಿತು.

ಅವುಗಳ ಬೆಲೆಯ ವಿಷಯ ನನಗೆ ತಿಳಿದದ್ದು ಫೋನಿನಲ್ಲಿ ಇಂಟರ್‌ನೆಟ್ ಬಂದ ಮೇಲೆ. ತೋಟದಲ್ಲಿ ನಾನು ಕಲಿತ ಲೆಕ್ಕವೇ ಇಲ್ಲಿ ತಲೆಕೆಳಗಾಗಿತ್ತು. ಕಾಫಿಗೆ ಕಪ್ಪು ಬೀಜ ಸೇರಿದರೆ ಬೆಲೆ ಇಳಿಯುತ್ತದೆ. ಪೆಡಲಿಗೆ ಕೆಟ್ಟ ಧ್ವನಿಯೇ ಬೆಲೆ. ಹೊರಗಿನ ಬಣ್ಣ ಸವೆದಿದ್ದರೆ ಅಡ್ಡಿಯಿಲ್ಲ, ಆದರೆ ಹೊಸ ಬಣ್ಣ ಬಳಿದಿದ್ದರೆ ಕೊಳ್ಳುವವರು ಮುಖ ತಿರುಗಿಸುತ್ತಾರೆ. ಯಾವುದೋ ದೇಶದ ಪ್ರಸಿದ್ಧ ವಾದಕನ ಹಳೆಯ ಫೋಟೋದಲ್ಲಿ ಅವನ ಕಾಲ ಬಳಿ ಅಂಥದೊಂದು ಡಬ್ಬಿ ಕಂಡರೆ ಸಾಕು, ಆ ಬಗೆಯ ಡಬ್ಬಿಗಳ ಬೆಲೆ ಎಲ್ಲೆಡೆ ಏರುತ್ತದೆ. ಬ್ರೆಜಿಲಿನಲ್ಲಿ ಹಿಮ ಬಿದ್ದರೆ ನಮ್ಮ ಕಾಫಿಯ ಬೆಲೆ ಏರುವುದಿಲ್ಲವೇ, ಹಾಗೆ. ಎಲ್ಲಕ್ಕಿಂತ ಮುಖ್ಯವಾದದ್ದು ಒಳಗಿನ ಟ್ರಾನ್ಸಿಸ್ಟರ್, ಅಂದರೆ ಸದ್ದನ್ನು ಹಿಗ್ಗಿಸುವ ಪುಟ್ಟ ಭಾಗ. ಮೊದಮೊದಲ ಫಜ್ ಪೆಡಲುಗಳಲ್ಲಿ ಜರ್ಮೇನಿಯಂ ಎಂಬ ವಸ್ತುವಿನ ಟ್ರಾನ್ಸಿಸ್ಟರುಗಳಿದ್ದವು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಹೀಗಾಗಿ ಪ್ರತಿ ಡಬ್ಬಿಗೂ ಅದರದೇ ಕಂಠ. ಆ ಟ್ರಾನ್ಸಿಸ್ಟರನ್ನು ಕಿತ್ತು ಬೇರೆ ಹಾಕಿದರೆ ಡಬ್ಬಿ ಕೂಗುತ್ತದೆ, ಆದರೆ ಅದರ ಬೆಲೆ ಹೋಗುತ್ತದೆ.

ಇದನ್ನೆಲ್ಲ ವಿವರಿಸಿದಾಗ ಹೆಂಡತಿ ಹೇಳಿದ್ದು ಇಷ್ಟೇ: "ಹಳೇದಾಗಿ, ಸವೆದು, ಕರ್ಕಶವಾಗಿ ಕೂಗಿದ್ರೆ ಬೆಲೆ ಅನ್ನಿ. ಹಂಗಾದ್ರೆ ನಿಮ್ಮನ್ನೂ ಒಂದು ಫೋಟೋ ತೆಗೆದು ಹಾಕ್ತೀನಿ, ತಾಳಿ."

ಈಗ ಪ್ರಕೃತ ವಿಷಯಕ್ಕೆ ಬರುತ್ತೇನೆ.

ಶ್ರೀಮಂಗಲದ ಬಳಿ ಒಬ್ಬ ಹಿರಿಯರಿದ್ದಾರೆ. ಕೊಡವರು, ಕಾಫಿ ಬೆಳೆಗಾರರು. ಹಿಂದೆ ಪ್ಲಾಂಟರುಗಳ ಕ್ಲಬ್ಬಿನ ನೃತ್ಯಕ್ಕೆ ಗಿಟಾರ್ ಬಾರಿಸುತ್ತಿದ್ದವರು. ಪೆಡಲುಗಳ ಹುಚ್ಚಿನಿಂದಲೇ ನಮಗೆ ಪರಿಚಯವಾಯಿತು. ಅವರ ಬಳಿ ಒಂದು ಫಜ್ ಪೆಡಲ್ ಇತ್ತು. ಕ್ಲಬ್ಬಿಗೆ ಬರುತ್ತಿದ್ದ ವಿದೇಶೀ ಅತಿಥಿಯೊಬ್ಬರು ಊರಿಗೆ ಮರಳುವಾಗ ಕೊಟ್ಟುಹೋದದ್ದು. ಎರಕದ ಕಬ್ಬಿಣದ ದುಂಡನೆಯ ಭಾರವಾದ ಡಬ್ಬಿ, ದೋಸೆ ಕಾವಲಿಯ ಮೇಲೆ ತಿರುಗಿಸುವ ಎರಡು ಗುಂಡಿ ಇಟ್ಟಂತೆ. ಅದನ್ನು ಯಾರೂ ಒಳಗೆ ಬಿಚ್ಚಿರಲಿಲ್ಲ.

ಗಿಟಾರನ್ನು ಮಾತ್ರ ಅವರು ಬಹಳ ಹಿಂದೆಯೇ ಮಾರಿದ್ದರು. ಈ ವರ್ಷ ಅದು ಕೋಯಿಕ್ಕೋಡಿನ ಒಬ್ಬ ಸಂಗ್ರಹಕಾರರ ಮನೆಯಲ್ಲಿರುವುದು ಗೊತ್ತಾಯಿತು. ಫೋನಿನಲ್ಲಿ ಮಾತುಕತೆ ನಡೆಯಿತು. ಆ ಸಂಗ್ರಹಕಾರರು ದುಡ್ಡು ಬೇಡವೆಂದರು. ಫಜ್ ಪೆಡಲ್ ಕೊಟ್ಟರೆ ಗಿಟಾರ್ ಹಿಂದಿರುಗಿಸುವುದಾಗಿ ಒಪ್ಪಿದರು. ಷರತ್ತುಗಳು ಎರಡು: ಪೆಡಲಿನ ಒಳಗೆ ಯಾರೂ ಕೈ ಹಾಕಿರಬಾರದು, ಪೆಡಲ್ ಸರಿಯಾಗಿ ಕೂಗಬೇಕು. ಮಳೆ ಸ್ವಲ್ಪ ಇಳಿದ ಮೇಲೆ ಅವರು ಗಿಟಾರಿನೊಡನೆ ಶ್ರೀಮಂಗಲಕ್ಕೆ ಬರುವುದೆಂದು ತೀರ್ಮಾನವಾಯಿತು.

ಅಲ್ಲಿಯವರೆಗೆ ಪೆಡಲನ್ನು ಕಾಪಾಡಬೇಕಿತ್ತು. ದಕ್ಷಿಣ ಕೊಡಗಿನ ಮಳೆಯಲ್ಲಿ ಗೋಡೆಗೆ ನೇತುಹಾಕಿದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಹಿರಿಯರು ಪೆಡಲನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೇ ಬಂದರು.

"ನಿಮ್ಮ ಕಡೆ ಮಳೆ ಕಮ್ಮಿ ರೈಟ್ರೆ. ನಿಮ್ಮ ಬೀರುವಿನಲ್ಲಿ ಇರ್ಲಿ. ನನ್ನ ಮನೆಯಲ್ಲಿಟ್ರೆ ಇದರಲ್ಲಿ ಅಣಬೆ ಹುಟ್ತದೆ."

"ಜವಾಬ್ದಾರಿ ದೊಡ್ಡದು ಸಾರ್," ಎಂದೆ.

"ಎಂತ ಜವಾಬ್ದಾರಿ ಮಾರಾಯ್ರೆ! ಇದು ಮಗುವಾ ಅಳ್ಲಿಕ್ಕೆ?"

ನಮ್ಮ ಜಿಲ್ಲೆಯ ಹೊರಗಿನ ಓದುಗರ ಅವಗಾಹನೆಗಾಗಿ ಒಂದು ಮಾತು. ಮಳೆಗಾಲದಲ್ಲಿ ಇಲ್ಲಿನ ಮನೆಗಳಲ್ಲಿ ಬೀರುವಿನೊಳಗೆ ಒಂದು ಬಲ್ಬು ಉರಿಸುವ ರೂಢಿಯಿದೆ. ಅದರ ಕಾವಿಗೆ ರೇಷ್ಮೆ ಸೀರೆ, ಕೋಟು, ಪತ್ರಗಳು ಬೂಷ್ಟು ಹಿಡಿಯದೆ ಉಳಿಯುತ್ತವೆ. ನಾವಿರುವ ಕುಶಾಲನಗರದ ಕಡೆ ಅಷ್ಟು ಅಗತ್ಯವಿಲ್ಲದಿದ್ದರೂ ನಾನು ಅಂಜುವ ಸ್ವಭಾವದವನಾದ್ದರಿಂದ ನಮ್ಮ ಬೀರುವಿನಲ್ಲಿಯೂ ಒಂದು ಸಣ್ಣ ಬಲ್ಬು ಉರಿಯುತ್ತದೆ. ಪರರ ವಸ್ತು ಮನೆಗೆ ಬಂದದ್ದರಿಂದ ಈ ವರ್ಷ ಅದೂ ಸಾಲದೆನಿಸಿತು. ದೊಡ್ಡ ಬಲ್ಬನ್ನು ಹುಡುಕಿಕೊಂಡು ಪೇಟೆಗೆ ಹೋದೆ. ಎಲ್‌ಇಡಿ ಬಲ್ಬಿಗೆ ಕಾವಿರುವುದಿಲ್ಲ. ನನಗೆ ಬೇಕಾದದ್ದು ಹಳೆಯ ತಂತಿಯ ಬಲ್ಬು.

ಅಂಗಡಿಯವರು ಮೇಲಿನ ಕಪಾಟಿನಿಂದ ಧೂಳು ಕೊಡವಿ ಒಂದನ್ನು ತೆಗೆದರು. "ಕೋಳಿ ಮರಿ ತಂದಿದ್ದೀರಾ ರೈಟ್ರೆ?"

"ಇಲ್ಲ, ಪೆಡಲ್ ತಂದಿದ್ದೇನೆ."

"ಸೈಕಲ್ ಪೆಡಲ್‌ಗೆ ಕಾವು ಕೊಡೋರನ್ನ ನಾನು ಇವತ್ತೇ ನೋಡಿದ್ದು!"

ಆ ಬಲ್ಬನ್ನು ಹಾಕಿ, ಅದರ ಪಕ್ಕದಲ್ಲಿಯೇ ಪೆಡಲನ್ನಿಟ್ಟು, ಬಾಗಿಲು ಮುಚ್ಚಿದೆ. ಆಗಾಗ ಮುಟ್ಟಿ ನೋಡುತ್ತಿದ್ದೆ. ಎರಕದ ಕಬ್ಬಿಣ ಹದವಾಗಿ ಬೆಚ್ಚಗಿರುತ್ತಿತ್ತು. ತೇವದ ಸುಳಿವೇ ಇಲ್ಲವೆಂದು ಸಮಾಧಾನಪಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ, ಪರೀಕ್ಷಿಸಿ ನೋಡುವುದು ಸೂಕ್ತವೆನಿಸಿತು. ಬ್ಯಾಟರಿ ಹಾಕಿ, ಗಿಟಾರ್ ಸಿಕ್ಕಿಸಿ, ಗುಂಡಿ ಒತ್ತಿದೆ. ಹಿರಿಯರು ನಮ್ಮ ಮನೆಗೆ ತಂದ ದಿನ ಅದೇ ಪೆಡಲ್ ಹೆಜ್ಜೇನಿನ ಗೂಡಿನಂತೆ ಮೊರೆದಿತ್ತು. ಈಗ ಎಣ್ಣೆ ಮುಗಿದ ದೀಪದಂತೆ ಚಿಟಚಿಟ ಎಂದು, ತಂತಿಯ ಸದ್ದು ತುಂಡುತುಂಡಾಗಿ ಬಂದು, ನಿಂತೇ ಹೋಯಿತು. ಬ್ಯಾಟರಿ ಬದಲಿಸಿದೆ. ಕೇಬಲ್ ಬದಲಿಸಿದೆ. ನನ್ನದೇ ಬೇರೆ ಪೆಡಲನ್ನು ಸಿಕ್ಕಿಸಿದರೆ ಅದು ಸರಿಯಾಗಿ ಕೂಗಿತು. ಕೆಟ್ಟಿದ್ದು ಇದೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಹೆಂಡತಿ ಬಂದು ನಿಂತಳು. ತಮಾಷೆ ಮಾಡಲಿಲ್ಲ. ಅದರಿಂದ ನನಗೆ ಇನ್ನೂ ಭಯವಾಯಿತು.

"ರಿಪೇರಿಯೋರಿಗೆ ತೋರ್ಸಿ," ಎಂದಳು. "ಮಳೇಲಿ ನೆನೆಸ್ಬೇಡಿ ಮತ್ತೆ." ಚಪಾತಿ ಇಡುವ ಹಾಟ್ ಬಾಕ್ಸನ್ನು ಒರೆಸಿ, ಬೀರುವಿನಿಂದ ತೆಗೆದ ಪೆಡಲನ್ನು ಅದರಲ್ಲಿಟ್ಟು, ಮುಚ್ಚಳ ತಿರುಗಿಸಿ ಕೊಟ್ಟಳು. ಜಡಿಮಳೆಯಲ್ಲಿ ಬೈಕಿನ ಮೇಲೆ ಅದನ್ನು ಎದೆಗೆ ಕಟ್ಟಿಕೊಂಡು ಕುಶಾಲನಗರಕ್ಕೆ ಹೋದೆ.

ಅಂಗಡಿಯ ರಿಪೇರಿಯವರು ನನ್ನ ಆರ್ಕೆಸ್ಟ್ರಾದ ದಿನಗಳಿಂದಲೂ ಪರಿಚಿತರು. ಟಿವಿ, ಮಿಕ್ಸಿ, ದೇವಸ್ಥಾನದ ಮೈಕು ಎಲ್ಲವನ್ನೂ ನೋಡುತ್ತಾರೆ. ಹಾಟ್ ಬಾಕ್ಸಿನ ಮುಚ್ಚಳ ತೆರೆದು, "ಓ, ಬಿರಿಯಾನಿ ಅಂದ್ಕೊಂಡೆ. ಬಿಸಿನೂ ಉಂಟು!" ಎಂದು ನಕ್ಕರು. ತಳದ ತಿರುಪು ಬಿಚ್ಚಿ, ಬೆಸುಗೆ ಮುಟ್ಟದೆ ಮೀಟರಿನ ಕಡ್ಡಿಗಳನ್ನು ಮಾತ್ರ ತಾಗಿಸಿ ನೋಡಿದರು.

"ಟ್ರಾನ್ಸಿಸ್ಟರ್ ಲೀಕ್ ಆಗ್ತಾ ಉಂಟು. ಇದು ಈಗ ಸಿಗೋ ಮಾಲಲ್ಲ. ಹೊಸದೊಂದು ಹಾಕಿ ಬಿಡುವ, ಅರ್ಧ ಗಂಟೆ ಕೆಲಸ. ಫಸ್ಟ್ ಕ್ಲಾಸ್ ಕೂಗ್ತದೆ."

"ಬದಲಾಯಿಸಿದ್ದು ಗೊತ್ತಾಗುತ್ತದೆಯೇ?"

"ಬಿಚ್ಚಿ ನೋಡಿದ್ರೆ ಗೊತ್ತಾಗ್ತದೆ. ಯಾರು ಬಿಚ್ತಾರೆ?"

ಕೋಯಿಕ್ಕೋಡಿನವರು ಖಂಡಿತ ಬಿಚ್ಚುತ್ತಾರೆಂದು ನನಗೆ ಗೊತ್ತಿತ್ತು. ಬದಲಾಯಿಸಿದರೆ ಮೊದಲ ಷರತ್ತು ಮುರಿಯುತ್ತದೆ. ಬದಲಾಯಿಸದಿದ್ದರೆ ಎರಡನೆಯದು. ಎರಡರಲ್ಲಿ ಯಾವುದು ಮುರಿದರೂ ಹಿರಿಯರಿಗೆ ಗಿಟಾರ್ ಸಿಗುವುದಿಲ್ಲ. ಸೋಲ್ಡರಿಂಗ್ ಕಡ್ಡಿ ಆಗಲೇ ಕಾಯುತ್ತಿತ್ತು. ರಾಳದ ಹೊಗೆ ಏಳುತ್ತಿತ್ತು. ಕಾಲಾವಕಾಶ ಕೋರಿದೆ. ಅವರು ತಿರುಪು ಹಾಕಿ ಕೊಟ್ಟರು. "ನೀವು ಮದುವೇಲೂ ಹೀಗೇ, ಒಂದು ಹಾಡು ಶುರು ಮಾಡ್ಲಿಕ್ಕೆ ಹತ್ತು ಸಲ ಶ್ರುತಿ ನೋಡ್ತಿದ್ರಿ," ಎಂದರು.

ಮನೆಗೆ ಬಂದು ಪೆಡಲನ್ನು ಮತ್ತೆ ಬೀರುವಿನೊಳಗೆ, ಬಲ್ಬಿಗೆ ಇನ್ನಷ್ಟು ಹತ್ತಿರ ಇಟ್ಟೆ. ತೇವವೇ ಕಾರಣವಿರಬೇಕೆಂದು ನನ್ನ ದೃಢ ನಂಬಿಕೆ. ನಮ್ಮ ಕಡೆ ಯಾವುದು ಕೆಟ್ಟರೂ ಮೊದಲು ತೇವವನ್ನೇ ಬೈಯುತ್ತೇವೆ.

ಹಿರಿಯರಿಗೆ ವಿಷಯ ತಿಳಿಸುವುದು ನನ್ನ ಕರ್ತವ್ಯವಾಗಿತ್ತು. "ತಮ್ಮ ಅವಗಾಹನೆಗೆ ತರುವುದೇನೆಂದರೆ" ಎಂದು ಮನಸ್ಸಿನಲ್ಲಿಯೇ ವಾಕ್ಯ ಜೋಡಿಸಿಕೊಂಡು ಫೋನ್ ಮಾಡಿದೆ. ಅವರು ನನಗೆ ಮಾತಾಡಲು ಬಿಡಲಿಲ್ಲ.

"ರೈಟ್ರೆ, ಹಾಲ್‌ನಲ್ಲಿ ಗಿಟಾರ್ ತೂಗ್ಲಿಕ್ಕೆ ಹಳೇ ಮೊಳೆ ಇತ್ತಲ್ಲ, ಅದರಲ್ಲಿ ಕ್ಯಾಲೆಂಡರ್ ಹಾಕಿದ್ರು ನಮ್ಮವರು. ಇವತ್ತು ತೆಗೆಸಿದೆ. ಕ್ಯಾಲೆಂಡರ್ ಈಗ ಅಡುಗೆಮನೆಗೆ ಟ್ರಾನ್ಸ್‌ಫರ್."

"ಬಹಳ ಸಂತೋಷ ಸಾರ್. ಒಂದು ವಿಷಯ..."

"ತಂತಿ ತರಿಸಿದ್ದೇನೆ, ಹೊಸ ಸೆಟ್. ಬೆರಳು ಮಾತ್ರ ಹಳೇದು. ಕಾಳುಮೆಣಸು ಕೊಯ್ದು ಕೊಯ್ದು ಗಟ್ಟಿಯಾಗಿ ಉಂಟು, ತಂತಿಗೆ ಒಳ್ಳೇದೇ ಆಯ್ತು. ಎಂತ ವಿಷಯ ಹೇಳಿ?"

"ಮಳೆ ಹೇಗಿದೆ ಎಂದು ಕೇಳಲು ಫೋನ್ ಮಾಡಿದೆ ಸಾರ್."

"ಮಳೆ? ಮಳೆಗೆ ಎಂತ, ಅದು ಬರ್ತಾ ಉಂಟು!"

ಅಂದಿನಿಂದ ಊಟ ರುಚಿಸಲಿಲ್ಲ. ತೋಟದಲ್ಲಿ ಹಾಜರಿ ಕರೆಯುವಾಗ ಒಬ್ಬಳ ಹೆಸರನ್ನು ಎರಡು ಸಲ ಕರೆದೆ. "ಎರಡು ಹಾಜರಿ ಹಾಕ್ತೀರಾ ರೈಟ್ರೆ? ಹಾಗಾದ್ರೆ ದಿನಾ ಕರೀರಿ," ಎಂದು ಅವಳು ಎಲ್ಲರನ್ನೂ ನಗಿಸಿದಳು. ಮನೆಯಲ್ಲಿ ಹೆಂಡತಿ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: "ಬೇರೆಯೋರ ಸಾಮಾನು. ಬಿಚ್ಚಿಸ್ಬೇಡಿ. ಹೆಂಗಿದ್ಯೋ ಹಂಗೇ ಕೊಟ್ಟು, ಇರೋದನ್ನ ಇದ್ದಂಗೆ ಹೇಳಿ." ಹಾಗೆಯೇ ಮಾಡುವುದೆಂದು ನಿಶ್ಚಯಿಸಿದೆ. ಆದರೂ ಆ ಖಾಲಿ ಮೊಳೆ ಕಣ್ಣ ಮುಂದಿನಿಂದ ಹೋಗಲಿಲ್ಲ.

ಆ ವಾರ ಗಾಳಿ ಎದ್ದಿತು. ಎಲ್ಲಿಯೋ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಹೋದದ್ದು ಮರುದಿನವೂ ಬರಲಿಲ್ಲ. ಬೀರುವಿನ ಬಲ್ಬು ಆರಿದೆಯೆಂಬುದು ಆಗ ನೆನಪಾಯಿತು. ಓಡಿಹೋಗಿ ಬಾಗಿಲು ತೆರೆದೆ. ಪೆಡಲ್ ಹೊಳೆಯ ಕಲ್ಲಿನಂತೆ ತಣ್ಣಗಿತ್ತು. ಈಗಾಗಲೇ ಕೆಟ್ಟಿರುವುದು ತೇವ ಹಿಡಿದು ಪೂರ್ತಿ ಹೋಗಿರಬೇಕೆಂದು ಭಾವಿಸಿ, ಎಷ್ಟು ಹೋಗಿದೆಯೆಂದು ತಿಳಿಯಲು, ನನ್ನ ಬ್ಯಾಟರಿಯ ಪುಟ್ಟ ಆಂಪ್ಲಿಫೈಯರಿಗೆ ಸಿಕ್ಕಿಸಿ ಗುಂಡಿ ಒತ್ತಿದೆ.

ತಂತಿ ಮೀಟಿದೊಡನೆ ಹೆಜ್ಜೇನು ಎದ್ದಿತು. ದಪ್ಪವಾಗಿ, ತುಂಡಾಗದೆ, ಗಾಜಿನ ಕಿಟಕಿ ಅದುರುವಂತೆ. ಕೈ ತೆಗೆದ ಮೇಲೂ ಬಹಳ ಹೊತ್ತು ನಾದ ಉಳಿಯಿತು. ನಾನು ನೆಲದ ಮೇಲೆಯೇ ಕುಳಿತುಬಿಟ್ಟೆ.

ಹೆಂಡತಿ ಸೌಟು ಹಿಡಿದೇ ಓಡಿಬಂದಳು. "ಬಂತೇನ್ರೀ, ಮಿಷನ್ನು?"

"ಬಂತು!"

"ಏನ್ಮಾಡಿದ್ರಿ?"

"ಏನೂ ಮಾಡಲಿಲ್ಲ. ಕರೆಂಟ್ ಹೋಗಿತ್ತು ಅಷ್ಟೇ."

ಅವಳು ಬೀರುವಿನೊಳಗೆ ತಲೆ ಹಾಕಿ ಆರಿದ ಬಲ್ಬನ್ನು ನೋಡಿದಳು, ಪೆಡಲನ್ನು ಮುಟ್ಟಿದಳು, ನನ್ನ ಮುಖ ನೋಡಿದಳು. "ಅದ್ಕೆ ಸೆಕೆ ಆಗಿತ್ತೇನೋ ಕಣ್ರೀ."

ಹಾಸ್ಯಕ್ಕೆ ಹೇಳಿದ ಆ ಮಾತೇ ಸತ್ಯವಾಗಿತ್ತು. ಮರುದಿನ ಕರೆಂಟು ಬಂತು, ಬಲ್ಬು ಉರಿಯಿತು. ಮಧ್ಯಾಹ್ನದ ಹೊತ್ತಿಗೆ ಪೆಡಲ್ ಮತ್ತೆ ಚಿಟಚಿಟ ಎನ್ನತೊಡಗಿತು. ಹೊರಗೆ ತೆಗೆದು ಕಿಟಕಿಯ ಕಟ್ಟೆಯ ಮೇಲೆ ತಣ್ಣಗಾಗಲು ಬಿಟ್ಟೆ. ಸಂಜೆಗೆ ಮತ್ತೆ ಹೆಜ್ಜೇನು. ಆಮೇಲೆ ಫೋನಿನಲ್ಲಿ ಹುಡುಕಿ ಓದಿದೆ: ಜರ್ಮೇನಿಯಂ ಶಾಖವನ್ನು ತಾಳುವುದಿಲ್ಲ; ಕಾವೇರಿದರೆ ಅದರಲ್ಲಿ ವಿದ್ಯುತ್ ಸೋರುತ್ತದೆ, ತಣಿದರೆ ಸರಿಹೋಗುತ್ತದೆ. ನಾನು ಕಾಪಾಡಲೆಂದು ಕೊಟ್ಟ ಕಾವೇ ಅದರ ಬಾಯಿ ಕಟ್ಟಿತ್ತು. ರಿಪೇರಿ ಅಂಗಡಿಯವರೆಗೂ ಆ ಕಾವನ್ನು ಹಾಟ್ ಬಾಕ್ಸಿನಲ್ಲಿ ಜೋಪಾನವಾಗಿ ಒಯ್ದಿದ್ದೆ. ಅಂದು ಸೋಲ್ಡರಿಂಗ್ ಕಡ್ಡಿಗೆ ಹೂಂ ಎಂದಿದ್ದರೆ ಏನಾಗುತ್ತಿತ್ತೆಂದು ನೆನೆದು ಈಗಲೂ ಬೆವರುತ್ತೇನೆ.

ಮಳೆ ಇಳಿದ ಒಂದು ಬೆಳಿಗ್ಗೆ ಪೆಡಲನ್ನು ಅದೇ ಹಾಟ್ ಬಾಕ್ಸಿನಲ್ಲಿಟ್ಟುಕೊಂಡು ಹೊರಟೆ. "ತಣ್ಣಗಿಟ್ರೆ ತಣ್ಣಗೂ ಇರುತ್ತೆ ಅದು, ಹೆದರ್ಬೇಡಿ," ಎಂದು ಹೆಂಡತಿಯೇ ಧೈರ್ಯ ಹೇಳಿದಳು. ಬಸ್ಸುಗಳನ್ನು ಬದಲಿಸಿ ಶ್ರೀಮಂಗಲ ತಲುಪಿದಾಗ ಕೋಯಿಕ್ಕೋಡಿನವರು ಆಗಲೇ ಬಂದು ಕಾಫಿ ಕುಡಿಯುತ್ತಿದ್ದರು. ಕಪ್ಪು ಪೆಟ್ಟಿಗೆಯಲ್ಲಿ ಗಿಟಾರ್ ಅವರ ಕಾಲ ಬಳಿ ಇತ್ತು. ಹಿರಿಯರು ಆ ಪೆಟ್ಟಿಗೆಯ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದರು.

ನಾನು ಪೆಡಲನ್ನು ಮೇಜಿನ ಮೇಲಿಟ್ಟು ಕೊಡೆ ಒದರಲು ಜಗಲಿಗೆ ಹೋದೆ. ಹಿಂದಿರುಗಿ ನೋಡುತ್ತೇನೆ, ಹಿರಿಯರ ಪತ್ನಿ ಅಮ್ಮನವರು ಪೆಡಲನ್ನೆತ್ತಿ ಹಾಲಿನ ಮೂಲೆಯ ಕೆಂಡದ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಇಡುತ್ತಿದ್ದಾರೆ!

"ಐಸ್ ಆಗಿ ಉಂಟು ಪಾಪ. ಸ್ವಲ್ಪ ಬಿಸಿಯಾಗ್ಲಿ."

"ಬೇಡ ಅಮ್ಮಾ! ದಯವಿಟ್ಟು ಬೇಡ!" ಎಂದು ಕೂಗಿಬಿಟ್ಟೆ. ಜೀವನದಲ್ಲಿ ಹಿರಿಯರ ಮನೆಯೊಳಗೆ ನಾನು ಧ್ವನಿ ಏರಿಸಿದ್ದು ಅದೊಂದೇ ಸಲ. ಎಲ್ಲರೂ ತಿರುಗಿ ನೋಡಿದರು. ಬೇರೆ ದಾರಿಯಿಲ್ಲದೆ ಬಲ್ಬಿನಿಂದ ಮೊದಲ್ಗೊಂಡು ಹಾಟ್ ಬಾಕ್ಸಿನವರೆಗೆ ನಡೆದ ಸಂಗತಿಯನ್ನೆಲ್ಲ ನಿಂತಲ್ಲಿಯೇ ನಿವೇದಿಸಿಕೊಂಡೆ. ರಿಪೇರಿಯವರು ತಳ ಬಿಚ್ಚಿ ಮೀಟರ್ ತಾಗಿಸಿದ್ದನ್ನೂ ಮುಚ್ಚಿಡಲಿಲ್ಲ.

ಹಿರಿಯರು ಗಲ್ಲ ಕೆರೆದುಕೊಂಡರು. "ಮಳೆ ಹೇಗಿದೆ ಅಂತ ಫೋನ್ ಮಾಡಿದ್ದು ಇದಕ್ಕಾ ರೈಟ್ರೆ?"

"ಹೌದು ಸಾರ್."

"ಒಳ್ಳೇ ಮಳೆ ಮಾರಾಯ್ರೆ!" ಎಂದು ಅವರು ನಕ್ಕ ನಗುವಿಗೆ ನಾಯಿ ಬೊಗಳಿತು.

ಕೋಯಿಕ್ಕೋಡಿನವರು ನಗಲಿಲ್ಲ. ಕನ್ನಡಕ ಏರಿಸಿ, ತಳ ಬಿಚ್ಚಿ, ಭೂತಗಾಜು ಹಿಡಿದು ಒಂದೊಂದು ಬೆಸುಗೆಯನ್ನೂ ನೋಡಿದರು. ತಿರುಗಿಸುವ ಗುಂಡಿಗಳ ಬೆನ್ನಿಗೆ ಒತ್ತಿದ ತಯಾರಿಕೆಯ ಅಂಕಿಗಳನ್ನು ಫೋಟೋ ತೆಗೆದರು. ಕಡೆಗೆ ಅವರು ತಲೆಯೆತ್ತಿದರು.

"ಮೀಟರ್ ತಾಗಿದ್ದು ಪರವಾಗಿಲ್ಲ ಸಾರೇ. ಬೆಸುಗೆ ಯಾರೂ ಮುಟ್ಟಿಲ್ಲ. ನಿಮ್ಮ ಆ ರಿಪೇರಿಯವರಿಗೆ ನೀವು ಬೇಡ ಹೇಳಿದ್ರಲ್ಲ, ಅದೇ ಇದರ ರೇಟು. ನಾನು ನೋಡಿದ್ರಲ್ಲಿ ಮುಕ್ಕಾಲು ಪಾಲು ಯಾರೋ ಒಳ್ಳೆ ಮನಸ್ಸಿನಿಂದ ರಿಪೇರಿ ಮಾಡಿ ಹಾಳಾದದ್ದು."

ಅವರು ಗಿಟಾರಿನ ಪೆಟ್ಟಿಗೆಯನ್ನು ಹಿರಿಯರ ಕಡೆಗೆ ತಳ್ಳಿದರು. ಹಿರಿಯರು ತೆರೆದರು. ಹಳೆಯ ತಂತಿಗಳನ್ನು ಬಿಚ್ಚಿ ಹೊಸದನ್ನು ಕಟ್ಟಿದರು, ಶ್ರುತಿ ಮಾಡಿದರು. ಆಮೇಲೆ ಕೇಳಿದರು: "ಒಮ್ಮೆ ಎರಡನ್ನೂ ಸೇರಿಸಿ ಬಾರಿಸ್ಬಹುದಾ? ಕೂಗ್ತದಾ ಅಂತ ನೀವೂ ಕೇಳಿ, ಮತ್ತೆ ತಗೊಂಡು ಹೋಗಿ."

ಕೋಯಿಕ್ಕೋಡಿನವರು ತಾವು ತಂದಿದ್ದ ಪುಟ್ಟ ಆಂಪ್ಲಿಫೈಯರಿಗೆ ತಾವೇ ಬಾಗಿ ಕೇಬಲ್ ಸಿಕ್ಕಿಸಿಕೊಟ್ಟರು. ಹಿರಿಯರು ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಗುಂಡಿ ಒತ್ತಿದರು. ಕ್ಲಬ್ಬಿನ ಕಾಲದ ಒಂದು ಧಾಟಿಯನ್ನು ಬಾರಿಸಿದರು. ನಡುವೆ ಬೆರಳು ತಪ್ಪಿತು, "ಛೆ" ಎಂದು ಮೊದಲಿನಿಂದ ಶುರು ಮಾಡಿದರು. ಅಮ್ಮನವರು ಒಂದು ಕೈಯಿಂದ ಕಿವಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಕುರ್ಚಿಯ ಮೇಲೆ ತಾಳ ಹಾಕುತ್ತಿದ್ದರು. ನನ್ನ ಭುಜಗಳ ಮೇಲಿಂದ ಒಂದು ಮೂಟೆ ಕಾಫಿ ಇಳಿಸಿದಂತಾಯಿತು.

ಪೆಡಲ್ ಕೋಯಿಕ್ಕೋಡಿಗೆ ಹೋಯಿತು. ಗಿಟಾರ್ ಮೊಳೆಗೆ ಏರಿತು. ಖಾಲಿಯಾದ ಹಾಟ್ ಬಾಕ್ಸನ್ನು ಅಮ್ಮನವರು ಕೇಳಿ ಪಡೆದು, ಅಕ್ಕಿ ತರಿಯ ದುಂಡು ಕಡುಬಾದ ಕಡಂಬುಟ್ಟುಗಳನ್ನು ಬಿಸಿಬಿಸಿಯಾಗಿ ತುಂಬಿ ಕೊಟ್ಟರು. "ಇದನ್ನಾದ್ರೂ ಬಿಸಿಯಾಗಿ ಇಡಿ ರೈಟ್ರೆ," ಎಂದರು ಹಿರಿಯರು. ಕುಶಾಲನಗರಕ್ಕೆ ಬಂದಾಗಲೂ ಅವು ಹಬೆಯಾಡುತ್ತಿದ್ದವು. ಬಹಳ ದಿನಗಳ ನಂತರ ಹೊಟ್ಟೆ ತುಂಬ ಉಂಡೆ.

ಪ್ರಸ್ತುತ ನನ್ನ ಜರ್ಮೇನಿಯಂ ಪೆಡಲುಗಳೆಲ್ಲ ಹೆಂಡತಿಯ ಅನುಮತಿಯ ಮೇರೆಗೆ ಅಕ್ಕಿ ಡಬ್ಬದಲ್ಲಿವೆ. ಅಲ್ಲಿ ತೇವವೂ ಇಲ್ಲ, ಕಾವೂ ಇಲ್ಲ. ಬೀರುವಿಗೆ ಮತ್ತೆ ಸಣ್ಣ ಬಲ್ಬು ಬಂದಿದೆ, ಸೀರೆಗಳ ಮಟ್ಟಿಗೆ ಮಾತ್ರ.

ಇಷ್ಟನ್ನು ಬರೆದು ಮುಗಿಸುವಷ್ಟರಲ್ಲಿ ಎಷ್ಟು ಕಡೆ ತಪ್ಪಿದ್ದೇನೋ ತಿಳಿಯದು. ಕಾಗುಣಿತದಲ್ಲಾಗಲಿ, ಟ್ರಾನ್ಸಿಸ್ಟರಿನ ವಿಷಯದಲ್ಲಾಗಲಿ ತಮ್ಮ ಕಣ್ಣಿಗೆ ಬಿದ್ದ ತಪ್ಪುಗಳನ್ನು ದಯವಿಟ್ಟು ಪೆನ್ಸಿಲಿನಲ್ಲಿ ತಿದ್ದಿಕೊಂಡು ಓದಬೇಕಾಗಿ ಕೋರುತ್ತೇನೆ.